ಗಾಳಿಗೆ ಬಾಡಿಗೆಯಿಲ್ಲ, ತಾರಸಿಗೆ ಉಂಟು

ಬೆಂಗಳೂರು ಉತ್ತರದ ಯಶವಂತಪುರ ಬಸ್ ನಿಲ್ದಾಣ. 2014ರ ಜನವರಿಯಲ್ಲಿ ಇಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಹೊಸದೊಂದು ಅನುಕೂಲ ಒದಗಿ ಬಂತು. ಮೊಬೈಲ್ ಸಂಖ್ಯೆ ನಮೂದಿಸಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಅಂಕಿಗಳನ್ನು ಒತ್ತಿದರೆ ಸಾಕು, ಇಂಟರ್ನೆಟ್ ಉಚಿತ! ದಿನಕ್ಕೆ ಮೂರು ಗಂಟೆ, 50 ಎಂಬಿ ಮಿತಿ, 512 ಕಿಲೋಬಿಟ್ ವೇಗ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲೂ ಅದೇ ಸೌಲಭ್ಯ. ಮೊಬೈಲ್ ಕಂಪನಿಗಳು ಒಂದು ಜಿಬಿಗೆ ಇನ್ನೂರು ರೂಪಾಯಿಗೂ ಹೆಚ್ಚು ಪಡೆಯುತ್ತಿದ್ದ ಕಾಲವದು. ಹೀಗಾಗಿ ಜನರಿಗೆ ಅದು ಸಣ್ಣ ಸಂಗತಿಯೇನೂ ಆಗಿರಲಿಲ್ಲ.

'ನಮ್ಮ ವೈಫೈ' ಎಂಬ ಈ ಸೇವೆಯನ್ನು ಉದ್ಘಾಟಿಸಿದ್ದು ರಾಜ್ಯ ಸರ್ಕಾರ. ನಡೆಸಿದ್ದು ಡಿ-ವಾಯ್ಸ್ ಎಂಬ ಬೆಂಗಳೂರಿನದೇ ಖಾಸಗಿ ಕಂಪನಿ. ದೇಶದಾದ್ಯಂತ ಸುದ್ದಿಯಾದ ಈ ಯೋಜನೆ ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ನಿಂತುಹೋಯಿತು.

ಪೆಟ್ಟಿಗೆ ಹಾಕಿ ಅಲೆ ಬಿಡುವುದು ಕಷ್ಟದ ಕೆಲಸವಲ್ಲ. ಆದರೆ ಪ್ರತಿ ತಿಂಗಳ ಕೊನೆಗೆ ಅದರ ಖರ್ಚು ಕೊಡುವವರು ಯಾರು? ಬೆಂಗಳೂರಿನಲ್ಲಿ ನಿಸ್ತಂತು ಇಂಟರ್ನೆಟ್ ವ್ಯವಹಾರದ ಮೂರು ದಶಕಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ ಎಂದರೆ ತಪ್ಪಾಗಲಾರದು.

ಡಾಲರ್ ಕೊಟ್ಟವರಿಗೆ ಮೊದಲ ಅಲೆ

ಈ ಇತಿಹಾಸ ಆರಂಭವಾಗುವುದು ಯಶವಂತಪುರದಲ್ಲಲ್ಲ, ನಗರದ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. 1991ರಲ್ಲಿ ಕೇಂದ್ರ ಸರ್ಕಾರ 'ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ' (ಎಸ್‌ಟಿಪಿಐ) ಎಂಬ ಸಂಸ್ಥೆಯನ್ನು ನೋಂದಾಯಿಸಿತು. ಸಾಫ್ಟ್‌ವೇರ್ ರಫ್ತು ಮಾಡುವವರಿಗೆ ಉಪಗ್ರಹದ ಮೂಲಕ ವಿದೇಶದ ಸಂಪರ್ಕ ಒದಗಿಸುವುದು ಅದರ ಕೆಲಸಗಳಲ್ಲಿ ಒಂದು. ಆದರೆ ಅಮೆರಿಕದಿಂದ ಉಪಗ್ರಹದ ಮೂಲಕ ಕ್ಷಣಾರ್ಧದಲ್ಲಿ ಬಂದಿಳಿದ ಮಾಹಿತಿ, ಭೂಕೇಂದ್ರದಿಂದ ನಗರದೊಳಗಿನ ಕಚೇರಿಗೆ ತಲುಪುವುದು ಹೇಗೆ? ದೂರವಾಣಿ ಇಲಾಖೆಯ ತಾಮ್ರದ ತಂತಿಗಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ತಂತಿ ಬಂದ ಮೇಲೂ ರಸ್ತೆ ಅಗೆದಾಗಲೆಲ್ಲ ಸಂಪರ್ಕ ಕಡಿಯುವ ಭಯ.

ಎಸ್‌ಟಿಪಿಐ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಮೈಕ್ರೋವೇವ್ ರೇಡಿಯೊ. ಕೇಂದ್ರದ ಗೋಪುರದ ಮೇಲೊಂದು, ಗಿರಾಕಿಯ ತಾರಸಿಯ ಮೇಲೊಂದು ಆಂಟೆನಾ. ಎರಡೂ ಒಂದನ್ನೊಂದು ನೇರವಾಗಿ ನೋಡುವಂತಿದ್ದರೆ ನಡುವೆ ತಂತಿಯೇ ಬೇಡ. ಇಂದಿನ ಸಣ್ಣ ನಿಸ್ತಂತು ಇಂಟರ್ನೆಟ್ ನಿರ್ವಾಹಕರು ಅನುಸರಿಸುವ ಪದ್ಧತಿಯೂ ಇದೇ. ವ್ಯತ್ಯಾಸ ಇರುವುದು ಗಿರಾಕಿಯಲ್ಲಿ. ಎಸ್‌ಟಿಪಿಐ ಗಿರಾಕಿಗಳು ಡಾಲರ್ ಸಂಪಾದಿಸುವ ಕಂಪನಿಗಳು. ಸಂಪರ್ಕ ಒಂದು ದಿನ ಕಡಿದರೆ ಅವರ ಕೆಲಸವೇ ನಿಲ್ಲುತ್ತಿತ್ತು. ಆದ್ದರಿಂದ ದುಬಾರಿ ಶುಲ್ಕವನ್ನೂ ಅವರು ತಪ್ಪದೆ ಕಟ್ಟುತ್ತಿದ್ದರು. ತಿಂಗಳ ಕೊನೆಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಒಂದು ರೂಪಾಯಿಯ ಪರವಾನಗಿ

ಜನಸಾಮಾನ್ಯರ ಪಾಲಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸೇವೆ ಆರಂಭಿಸಿದಾಗ. 9.6 ಕಿಲೋಬಿಟ್ ವೇಗದ 250 ಗಂಟೆಗಳಿಗೆ 5,000 ರೂಪಾಯಿ! 1998ರ ನವೆಂಬರ್‌ವರೆಗೂ ಈ ವ್ಯಾಪಾರ ಸರ್ಕಾರಿ ನಿಗಮದ ಏಕಸ್ವಾಮ್ಯವಾಗಿತ್ತು. ಆ ತಿಂಗಳು ಪ್ರಕಟವಾದ ಹೊಸ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಎಷ್ಟು ಮಂದಿಗೆ ಬೇಕಾದರೂ ಪರವಾನಗಿ. ಮೊದಲ ಐದು ವರ್ಷ ಶುಲ್ಕವಿಲ್ಲ, ನಂತರ ವರ್ಷಕ್ಕೆ ಒಂದು ರೂಪಾಯಿ.

ಕೇಳಲು ಇಂಪಾಗಿದ್ದ ಈ ನೀತಿಯಲ್ಲಿ ಸಣ್ಣವರಿಗೆ ಒಂದು ತೊಡಕಿತ್ತು. ಪರವಾನಗಿ ಅಗ್ಗವಾದರೂ ಬ್ಯಾಂಕ್ ಖಾತರಿ ಇಡಬೇಕಿತ್ತು. ಇಡೀ ದೇಶಕ್ಕಾದರೆ 2 ಕೋಟಿ ರೂಪಾಯಿ, ರಾಜ್ಯಕ್ಕಾದರೆ 20 ಲಕ್ಷ, ಸುಮಾರು ಒಂದು ಜಿಲ್ಲೆಯಷ್ಟು ಪ್ರದೇಶಕ್ಕಾದರೆ 3 ಲಕ್ಷ. ಆದರೆ ಬೆಂಗಳೂರನ್ನು ಈ ಕೊನೆಯ ವರ್ಗದಿಂದ ಹೊರಗಿಡಲಾಗಿತ್ತು. ತುಮಕೂರಿನಲ್ಲಿ ಸೇವೆ ಆರಂಭಿಸುವವನಿಗೆ 3 ಲಕ್ಷ ಸಾಕಾದರೆ, ಬೆಂಗಳೂರಿನವನು 20 ಲಕ್ಷದ ಖಾತರಿ ಹೊಂದಿಸಬೇಕಿತ್ತು. 2007ರಲ್ಲಿ ಜಿಲ್ಲಾ ಮಟ್ಟದ ವರ್ಗವೇ ರದ್ದಾಯಿತು. 2013ರಲ್ಲಿ ಅದು ಮರಳಿ ಬಂದಾಗ ಪ್ರವೇಶ ಶುಲ್ಕ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಲಾಯಿತು.

ಇಷ್ಟು ಹಣವಿಲ್ಲದವರು ಏನು ಮಾಡಬೇಕು? ಉತ್ತರ ಕೇಬಲ್ ಟೀವಿಯವರ ಬಳಿ ಇತ್ತು. ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳಂಥ ಬಡಾವಣೆಗಳ ಮನೆಮನೆಗೆ ಅವರ ತಂತಿ ಹೋಗಿತ್ತು. ತಿಂಗಳ ಮೊದಲ ವಾರ ಬಾಗಿಲು ತಟ್ಟಿ ಹಣ ವಸೂಲಿ ಮಾಡುವ ಹುಡುಗರೂ ಇದ್ದರು. ಪರವಾನಗಿ ಮತ್ತು ಸಗಟು ಸಂಪರ್ಕ ದೊಡ್ಡ ಕಂಪನಿಯದು. ಬೀದಿ, ಗಿರಾಕಿ, ವಸೂಲಿ ಕೇಬಲ್‌ನವನದು. ಬಂದದ್ದರಲ್ಲಿ ಇಬ್ಬರಿಗೂ ಪಾಲು. ಸತ್ಯಂ ಇನ್ಫೋವೇಯಂಥ ಕಂಪನಿಗಳು ತಮ್ಮ ಕೇಂದ್ರದಿಂದ ಕೇಬಲ್‌ನವರ ತಾರಸಿಗೆ ನಿಸ್ತಂತು ಕೊಂಡಿ ಹಾಕಿ, ಅಲ್ಲಿಂದ ಮುಂದಕ್ಕೆ ತಂತಿಯಲ್ಲಿ ಮನೆಗಳನ್ನು ಮುಟ್ಟಿದವು. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಏಟ್ರಿಯಾ ಕನ್ವರ್ಜೆನ್ಸ್ ಟೆಕ್ನಾಲಜೀಸ್ (ಆಕ್ಟ್) ಬೆಳೆದದ್ದೂ ಕೇಬಲ್ ಜಾಲಗಳ ತಳಹದಿಯ ಮೇಲೆಯೇ.

ಅಲೆಗೂ ದಾರಿ ಬೇಕು

ನಿಸ್ತಂತು ಎಂದರೆ ಯಾರ ಅಪ್ಪಣೆಯೂ ಬೇಡ ಎಂದಲ್ಲ. ಒಂದು ತಾರಸಿಯಿಂದ ಇನ್ನೊಂದಕ್ಕೆ ರೇಡಿಯೊ ಕೊಂಡಿ ಹಾಕಲು ಹಿಂದೆ ದೆಹಲಿಯಿಂದ ಪರವಾನಗಿ ತರಬೇಕಿತ್ತು. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಹೊರಾಂಗಣ ಬಳಕೆಗೂ ಪರವಾನಗಿಯಿಂದ ಮುಕ್ತಗೊಳಿಸಿತು. ಸಣ್ಣ ನಿರ್ವಾಹಕನಿಗೆ ಇದೇ ನಿಜವಾದ ಸ್ವಾತಂತ್ರ್ಯ. ಹಿಮಾಚಲದ ಧರ್ಮಶಾಲೆಯಲ್ಲಿ 'ಏರ್‌ಜಲ್ದಿ' ತಂಡ ಬೆಟ್ಟದಿಂದ ಬೆಟ್ಟಕ್ಕೆ ವೈಫೈ ಕೊಂಡಿ ಹಾಕಿ ಹೆಸರಾದದ್ದು ಇದರ ಬೆನ್ನಲ್ಲೇ.

ಆದರೆ ಎಲ್ಲರಿಗೂ ತೆರೆದ ದಾರಿಯಲ್ಲಿ ಎಲ್ಲರೂ ನುಗ್ಗುತ್ತಾರೆ. ಮನೆಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಇದೇ ತರಂಗಾಂತರದಲ್ಲಿ ಗದ್ದಲ ಮಾಡುತ್ತವೆ. 5 ಗಿಗಾಹರ್ಟ್ಸ್ ಸುತ್ತಿನ ವಿಶಾಲ ದಾರಿ ಪೂರ್ತಿಯಾಗಿ ತೆರೆದದ್ದು 2018ರ ಅಕ್ಟೋಬರ್‌ನಲ್ಲಿ.

ಉತ್ತರ ಬೆಂಗಳೂರಿಗೆ ಅದರದೇ ಆದ ತೊಂದರೆಗಳಿವೆ. ಯಲಹಂಕದ ವಾಯುಪಡೆ ನೆಲೆ, ಜಕ್ಕೂರಿನ ವಿಮಾನ ತರಬೇತಿ ಮೈದಾನ, 2008ರಲ್ಲಿ ತೆರೆದ ದೇವನಹಳ್ಳಿ ವಿಮಾನ ನಿಲ್ದಾಣ, ಹೀಗೆ ಮೂರು ಹಾರುದಾಣಗಳು ಒಂದೇ ದಿಕ್ಕಿನಲ್ಲಿವೆ. ಇವುಗಳ ಆಸುಪಾಸಿನಲ್ಲಿ ಎತ್ತರದ ಗೋಪುರವನ್ನು ಮನಸ್ಸಿಗೆ ಬಂದಂತೆ ಎಬ್ಬಿಸುವಂತಿಲ್ಲ. ಹಾಗಾಗಿ ಇರುವ ಕಟ್ಟಡದ ತಾರಸಿಯನ್ನೇ ನೆಚ್ಚಬೇಕು. ಎರಡು ಆಂಟೆನಾಗಳ ನಡುವೆ ಹೊಸದೊಂದು ಅಪಾರ್ಟ್‌ಮೆಂಟ್ ಎದ್ದರೆ, ಮರವೊಂದು ಕೊಂಬೆ ಚಾಚಿದರೆ ನೋಟ ಮುಚ್ಚಿತು, ಸಂಪರ್ಕ ಹೋಯಿತು. ಮತ್ತೊಂದು ತಾರಸಿ ಹುಡುಕಬೇಕು, ಮತ್ತೊಬ್ಬ ಮಾಲೀಕನಿಗೆ ಬಾಡಿಗೆ ಕೊಡಬೇಕು.

ಮೂನ್ನೂರು ಮನೆಗಳ ಲೆಕ್ಕ

ಇಂಥ ಸಣ್ಣ ವ್ಯವಹಾರದ ಹಣಕಾಸು ಹೇಗೆ? ಲೆಕ್ಕಕ್ಕೆಂದು ಮುನ್ನೂರು ಮನೆಗಳ ಒಂದು ಜಾಲವನ್ನು ಊಹಿಸಿಕೊಳ್ಳೋಣ. ತಿಂಗಳಿಗೆ 400 ರೂಪಾಯಿ ದರ. ಶೇ 18ರ ಜಿಎಸ್‌ಟಿ ಸೇರಿ ಗಿರಾಕಿ ಕಟ್ಟುವುದು 472. ಒಟ್ಟು ವಸೂಲಿ 1,41,600; ಅದರಲ್ಲಿ 21,600 ತೆರಿಗೆಗೆ ಸೇರಿ, ನಿರ್ವಾಹಕನ ಕೈಗೆ ಉಳಿಯುವುದು 1,20,000. ಸಗಟು ಬ್ಯಾಂಡ್‌ವಿಡ್ತ್, ತಾರಸಿ ಬಾಡಿಗೆ, ವಿದ್ಯುತ್ ಮತ್ತು ಬ್ಯಾಟರಿ, ಕಂಬ ಹತ್ತುವ ಹುಡುಗರ ಸಂಬಳ, ಸಿಡಿಲಿಗೆ ಸುಟ್ಟ ಉಪಕರಣದ ಬದಲಿ, ಸಾಲದ ಕಂತು ಎಲ್ಲವೂ ಇದರಲ್ಲೇ ಆಗಬೇಕು. ಹತ್ತರಲ್ಲಿ ಒಂದು ಮನೆ ಬಿಟ್ಟುಹೋದರೆ ಆದಾಯ 12,000 ರೂಪಾಯಿ ಕುಸಿಯುತ್ತದೆ. ಆದರೆ ತಾರಸಿಯ ಬಾಡಿಗೆಯಾಗಲಿ ಹುಡುಗರ ಸಂಬಳವಾಗಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಬ್ಯಾಂಡ್‌ವಿಡ್ತ್ ಹಂಚುವ ಕೆಲಸ ಬಡಾವಣೆಗೆ ಕಾವೇರಿ ನೀರು ಬಿಡುವ ವಾಲ್ವ್‌ಮನ್‌ನ ಕೆಲಸದಂತೆ. ಮುನ್ನೂರು ಮನೆಗಳಿಗೆ ತಲಾ 50 ಮೆಗಾಬಿಟ್ ಎಂದು ಮಾರಿದರೆ ಕಾಗದದ ಮೇಲೆ 15,000 ಮೆಗಾಬಿಟ್ ಬೇಕು. ಅಷ್ಟನ್ನು ಯಾವ ನಿರ್ವಾಹಕನೂ ಕೊಳ್ಳುವುದಿಲ್ಲ, ಏಕೆಂದರೆ ಎಲ್ಲರೂ ಒಮ್ಮೆಗೇ ನಲ್ಲಿ ತಿರುಗಿಸುವುದಿಲ್ಲ. ಆದರೆ ರಾತ್ರಿ ಎಂಟರ ಮೇಲೆ ಎಲ್ಲರೂ ತಿರುಗಿಸುತ್ತಾರೆ! ಆಗ ಫೋನಿಗೆ ಉತ್ತರ ಕೊಡುವವನು ಉಳಿದ, ಕೊಡದವನು ಗಿರಾಕಿಯನ್ನು ಕಳೆದುಕೊಂಡ.

ಬಂಡವಾಳದ ಕತೆಯೂ ಸ್ವಾರಸ್ಯಕರ. ತಾರಸಿ ಮೇಲಿನ ಆಂಟೆನಾವನ್ನು ಒತ್ತೆಯಾಗಿ ಹಿಡಿದು ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. 2015ರಲ್ಲಿ ಬಂದ ಮುದ್ರಾ ಯೋಜನೆ ಒತ್ತೆಯಿಲ್ಲದೆ 10 ಲಕ್ಷದವರೆಗೆ ಸಾಲಕ್ಕೆ ದಾರಿ ಮಾಡಿತು. ಅದರಾಚೆಗೆ ಚೀಟಿ ದುಡ್ಡು, ಒಡವೆ ಸಾಲಗಳೇ ಗತಿ. ಇನ್ನೊಬ್ಬ ಸಾಲಿಗನೂ ಇದ್ದಾನೆ, ಅವನು ಗಿರಾಕಿ. 'ಆರು ತಿಂಗಳ ಹಣ ಮುಂಗಡ ಕಟ್ಟಿದರೆ ಒಂದು ತಿಂಗಳು ಉಚಿತ' ಎಂಬ ಕರಪತ್ರದ ಒಳಗುಟ್ಟು ಇದೇ. ಅದು ರಿಯಾಯಿತಿಯಲ್ಲ, ಗಿರಾಕಿಯಿಂದ ಪಡೆದ ಸಾಲ. ಆ ಹಣದಲ್ಲಿ ಹೊಸ ಉಪಕರಣ ಬಂದರೆ ಸರಿ. ಹಳೆಯ ಬಾಕಿಗೆ ಹೋದರೆ ಮುಂದಿನ ಐದು ತಿಂಗಳು ಕಷ್ಟ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಎರಡು ರೂಪಾಯಿಗೆ ನೂರು ಎಂಬಿ

ಉಚಿತ ಸೇವೆ ನಿಲ್ಲಲಿಲ್ಲವಾದರೆ ಅಗ್ಗದ ಸೇವೆ ನಿಲ್ಲಬಹುದೇ? 'ವೈಫೈ ಡಬ್ಬಾ' ಎಂಬ ಬೆಂಗಳೂರಿನ ಸಣ್ಣ ಕಂಪನಿ ಇದನ್ನು ಪರೀಕ್ಷಿಸಿತು. ಚಹಾದಂಗಡಿ, ಬೇಕರಿಗಳಲ್ಲಿ ವೈಫೈ ಪೆಟ್ಟಿಗೆ ಇಟ್ಟು, 2017ರಲ್ಲಿ 2 ರೂಪಾಯಿಗೆ 100 ಎಂಬಿ, 20 ರೂಪಾಯಿಗೆ ಒಂದು ಜಿಬಿ ಮಾರಿತು. ಬೀಡಿ, ಬಿಸ್ಕತ್ತಿನಂತೆ ಚಿಲ್ಲರೆ ಕೊಟ್ಟು ಇಂಟರ್ನೆಟ್ ಕೊಳ್ಳಬಹುದಿತ್ತು. ವಸೂಲಿಯ ತಲೆನೋವು ಅಂಗಡಿಯವನಿಗೆ, ಅದಕ್ಕೆ ಅವನಿಗೊಂದು ಕಮಿಷನ್.

ಯೋಚನೆ ಚೆನ್ನಾಗಿತ್ತು, ಕಾಲ ಕೂಡಿಬರಲಿಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೊ ಮಾರುಕಟ್ಟೆಗೆ ಇಳಿದು, ಮರುವರ್ಷದ ಮಾರ್ಚ್‌ವರೆಗೆ ಡೇಟಾವನ್ನು ಉಚಿತವಾಗಿ ಹಂಚಿತು. ನಂತರವೂ ದರ ಮೊದಲಿನ ಮಟ್ಟಕ್ಕೆ ಏರಲಿಲ್ಲ. ಜೇಬಿನಲ್ಲೇ ಅಗ್ಗದ ಇಂಟರ್ನೆಟ್ ಇರುವಾಗ ಅಂಗಡಿಗೆ ಹೋಗುವವರು ಯಾರು? ಕಂಪನಿ 2020ರ ಹೊತ್ತಿಗೆ ತಾರಸಿಯಿಂದ ತಾರಸಿಗೆ ಲೇಸರ್ ಕಿರಣದ ಕೊಂಡಿ ಹಾಕಿ, ಒಂದು ಜಿಬಿಯನ್ನು ಒಂದು ರೂಪಾಯಿಗೆ ಕೊಡುವ ಪ್ರಯೋಗಕ್ಕೆ ಹೊರಳಿತು.

ಅದೇ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ 'ಪಿಎಂ-ವಾಣಿ' ಯೋಜನೆಗೆ ಒಪ್ಪಿಗೆ ನೀಡಿತು. ಇದರಡಿ ಚಹಾದಂಗಡಿಯವನೂ ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ವೈಫೈ ಮಾರಬಹುದು. 1998ರಲ್ಲಿ 20 ಲಕ್ಷದ ಖಾತರಿ ಕೇಳಿದ ವ್ಯಾಪಾರಕ್ಕೆ ಈಗ ಕಾಗದವೇ ಬೇಡ! ಆದರೆ ದೊಡ್ಡ ಕಂಪನಿಗಳಿಂದ ಅವನು ಕೊಳ್ಳಬೇಕಾದ ಸಗಟು ಸಂಪರ್ಕದ ದರವೇ ಅಡ್ಡ ಬಂತು. ಮನೆಯವರಿಗೆ ನೂರರ ಲೆಕ್ಕದಲ್ಲಿ ಸಿಗುವ ಸಂಪರ್ಕಕ್ಕೆ ಅಂಗಡಿಯವನು ಹಲವು ಪಟ್ಟು ತೆರಬೇಕಿತ್ತು. ಕೊನೆಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಧ್ಯಪ್ರವೇಶಿಸಿ, 200 ಮೆಗಾಬಿಟ್‌ವರೆಗಿನ ಮನೆ ಬಳಕೆಯ ಸಂಪರ್ಕಗಳನ್ನು ಇಂಥವರಿಗೆ ಎರಡು ಪಟ್ಟಿಗಿಂತ ಹೆಚ್ಚು ದರಕ್ಕೆ ಮಾರುವಂತಿಲ್ಲ ಎಂದು ಕಟ್ಟುಮಾಡಿತು.

ಈ ನಡುವೆ 2023ರಲ್ಲಿ ಏರ್‌ಟೆಲ್ ಮತ್ತು ಜಿಯೊ 'ಏರ್‌ಫೈಬರ್' ಹೆಸರಿನಲ್ಲಿ ಮನೆಗಳಿಗೆ ನಿಸ್ತಂತು ಇಂಟರ್ನೆಟ್ ಕೊಡತೊಡಗಿದವು. ಸಣ್ಣ ನಿರ್ವಾಹಕ ವರ್ಷಗಳಿಂದ ಮಾಡುತ್ತ ಬಂದ ಕೆಲಸವನ್ನೇ ಈಗ ದೊಡ್ಡವರೂ ಕೈಗೆತ್ತಿಕೊಂಡಿದ್ದಾರೆ. ನಷ್ಟವನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಶಕ್ತಿ ಅವರಿಗುಂಟು. ಮುನ್ನೂರು ಮನೆಗಳವನಿಗೆ ಮೂರು ತಿಂಗಳು ತಾಳುವುದೂ ಕಷ್ಟ. ಅವನ ಬಳಿ ಉಳಿದಿರುವ ಬಂಡವಾಳ ಒಂದೇ: ರಾತ್ರಿ ಒಂಬತ್ತಕ್ಕೆ ಸಂಪರ್ಕ ಹೋದಾಗ ಬೀದಿಯವರು ಹೆಸರು ಹಿಡಿದು ಕರೆಯಬಹುದು, ಅವನು ಏಣಿ ಹೊತ್ತು ಬರುತ್ತಾನೆ. ಆ ಏಣಿಗೆ ತಿಂಗಳಿಗೆ ಎಷ್ಟು ಕೊಡಬಹುದು ಎಂಬುದನ್ನು ಇನ್ನು ಬೀದಿಯವರೇ ನಿರ್ಧರಿಸಬೇಕು.