ಅರಸಿಲ್ಲದ ಇರುವೆಗಳ ರಾಜ್ಯ



ಗಿಲ್‌ರಾಯ್‌ನಲ್ಲಿ ಮೊದಲ ಮಳೆ ಬಿದ್ದೊಡನೆ ಸಕ್ಕರೆ ಡಬ್ಬಿಯತ್ತ ಸಾಲುಗಟ್ಟುವ ಕಂದು ಇರುವೆಗಳನ್ನು ನಾವೆಲ್ಲ ಬಲ್ಲೆವು. ಅವೂ ನಮ್ಮಂತೆ ವಲಸೆ ಬಂದವು. ದಕ್ಷಿಣ ಅಮೆರಿಕದ ಪರಾನಾ ನದೀಪ್ರದೇಶದ ಈ ‘ಅರ್ಜೆಂಟೀನಾ ಇರುವೆ’ 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಾಣಿಸಿಕೊಂಡಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಕ್ಯಾಲಿಫೋರ್ನಿಯಾವನ್ನು ಸೇರಿತು.

ಇವುಗಳಿಗೆ ಅಪ್ಪಣೆ ಕೊಡುವವರಾರು? ಯಾರೂ ಇಲ್ಲ. ಒಂದೊಂದು ಗೂಡಿನಲ್ಲಿ ಹಲವು ರಾಣಿಯರಿದ್ದರೂ ಅವರ ಕೆಲಸ ಮೊಟ್ಟೆಯಿಡುವುದು. ನಡೆದ ಇರುವೆ ನೆಲದ ಮೇಲೆ ವಾಸನೆಯ ಗುರುತು ಬಿಡುತ್ತದೆ. ಆಹಾರವಿರುವ ದಾರಿಯಲ್ಲಿ ಹೆಚ್ಚು ಇರುವೆಗಳು ನಡೆದು ಗುರುತು ಗಾಢವಾಗುತ್ತದೆ, ಬರಿದಾದ ದಾರಿಯಲ್ಲಿ ಆರಿಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ಒಂದು ಜಾತಿಯ ಕಣಜದಲ್ಲೂ ಇಂಥದನ್ನೇ ಕಂಡರು: ರಾಣಿಯನ್ನು ತೆಗೆದರೂ ಆಹಾರ ತರುವ ಕೆಲಸ ನಿಲ್ಲಲಿಲ್ಲ.

ತವರಿನಲ್ಲಿ ನೆರೆಗೂಡಿನವರೊಡನೆ ಕಾದಾಡುವ ಈ ಇರುವೆ, ಇಲ್ಲಿ ಹಾಗಲ್ಲ. ಸಾನ್ ಡಿಯೆಗೊದಿಂದ ಸಾನ್ ಫ್ರಾನ್ಸಿಸ್ಕೊದ ಆಚೆಯವರೆಗೆ ಹಬ್ಬಿದ ಅಸಂಖ್ಯ ಗೂಡುಗಳು ಮೈವಾಸನೆಯಿಂದ ಪರಸ್ಪರ ಗುರುತಿಸಿ, ಒಂದೇ ಒಕ್ಕಲಾಗಿ ಬಾಳುತ್ತವೆ. ವಲಸೆ ಬಂದ ಮೂಲ ಇರುವೆಗಳು ಕೆಲವೇ ಆದುದರಿಂದ ವಂಶವೈವಿಧ್ಯ ಕುಗ್ಗಿ ಹೀಗಾಯಿತೆಂದು 2000ದಲ್ಲಿ ಪ್ರಕಟವಾದ ಸಂಶೋಧನೆ ವಿವರಿಸಿತು.

ಆದರೆ ಆ ಒಗ್ಗಟ್ಟಿಗೆ ಬೆಲೆ ತೆತ್ತವರು ಬೇರೆ. ಸ್ಥಳೀಯ ಇರುವೆಗಳು ಅನೇಕ ಕಡೆ ನೆಲೆ ತಪ್ಪಿದವು. ಅವನ್ನೇ ನಂಬಿದ್ದ ಕರಾವಳಿಯ ಕೊಂಬುಹಲ್ಲಿಗೆ ಆಹಾರ ಕಡಿಮೆಯಾಯಿತು. ನಮ್ಮವರೊಡನೆ ಕೂಡುವುದು ಸುಲಭ. ಮೊದಲೇ ಇದ್ದವರಿಗೆ ಎಡೆಗೊಟ್ಟು ಕೂಡುವುದನ್ನು ಈ ಇರುವೆ ಕಲಿಯಲಿಲ್ಲ. ವಲಸೆ ಬಂದ ನಾವು ಕಲಿಯಬಲ್ಲೆವು.