ಒಂದೇ ಕಡತದಲ್ಲಿ ಸಾವಿರ ಕಾಗದ



ಹಿಂದೆ ನಮ್ಮ ಮನೆಗಳಲ್ಲಿ ಬಂದ ಕಾಗದಗಳನ್ನು ಒಂದು ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರು. ಹಳೆಯ ಕಾಗದ ಬೇಕಾದರೆ ಒಂದೊಂದನ್ನೇ ಸರಿಸುತ್ತ ಹುಡುಕಬೇಕಿತ್ತು. ಇ-ಮೇಲ್‌ನ ಇತಿಹಾಸವೂ ಇಂಥ ತಂತಿಯಿಂದಲೇ ಆರಂಭವಾಯಿತು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಆಗ ಅಂಚೆಪೆಟ್ಟಿಗೆ ಎಂದರೆ ಒಂದು ಕಡತ ಮಾತ್ರ. ಹೊಸ ಸಂದೇಶ ಅದರ ಕೊನೆಗೆ ಸೇರುತ್ತಿತ್ತು. ಸಂದೇಶಗಳು ಹೆಚ್ಚಿದಂತೆ ಹುಡುಕುವ ಕಷ್ಟವೂ ಹೆಚ್ಚಿತು. 1972ರಲ್ಲಿ ಲ್ಯಾರಿ ರಾಬರ್ಟ್ಸ್ ಅವರು ಸಂದೇಶಗಳ ಪಟ್ಟಿ ತೋರಿಸಿ, ಬೇಕಾದುದನ್ನು ಆರಿಸಿ ಓದಲು ನೆರವಾಗುವ ಪ್ರೋಗ್ರಾಂ ಬರೆದರು.

ಇತ್ತ ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯಲ್ಲೂ ಇದೇ ಪದ್ಧತಿ ಬೆಳೆಯಿತು. ಅದರ ಕಡತ ಕ್ರಮಕ್ಕೆ 'ಎಂಬಾಕ್ಸ್' ಎಂಬ ಹೆಸರು ನಿಂತಿತು. ಇದರಲ್ಲಿ ಪ್ರತಿ ಕಾಗದವೂ 'ಫ್ರಂ' ಎಂಬ ಇಂಗ್ಲಿಷ್ ಪದ ಮತ್ತು ಒಂದು ಖಾಲಿ ಜಾಗದಿಂದ ಶುರುವಾಗುತ್ತದೆ. ಕಾಗದ ಕಾಗದಗಳ ನಡುವಿನ ಬೇಲಿ ಇದೊಂದೇ!

ಹಾಗಾದರೆ ಸೂಚಿಯನ್ನು ತಯಾರಿಸುವುದು ಹೇಗೆ? ಒಂದು ಸಣ್ಣ ಪ್ರೋಗ್ರಾಂ ಕಡತವನ್ನು ಸಾಲುಸಾಲಾಗಿ ಓದುತ್ತ, ಎಷ್ಟು ಬೈಟ್ ದಾಟಿದೆ ಎಂದು ಲೆಕ್ಕ ಇಡುತ್ತದೆ. 'ಫ್ರಂ' ಸಾಲು ಸಿಕ್ಕೊಡನೆ ಆ ಲೆಕ್ಕವನ್ನೂ, ಬರೆದವರ ಹೆಸರು, ದಿನಾಂಕ, ವಿಷಯಗಳನ್ನೂ ಬೇರೆ ಕಡತದಲ್ಲಿ ಗುರುತು ಹಾಕುತ್ತದೆ. ಮುಂದೆ ಯಾವ ಕಾಗದ ಬೇಕಾದರೂ ನೇರವಾಗಿ ಅದೇ ಜಾಗಕ್ಕೆ ಜಿಗಿಯಬಹುದು. ಪುಸ್ತಕದ ಪರಿವಿಡಿಯಲ್ಲಿ ಪುಟಸಂಖ್ಯೆ ಇರುವ ಹಾಗೆ ಇದು.

ಆದರೆ ಇಲ್ಲೊಂದು ಅಪಾಯವಿದೆ. ಯಾರಾದರೂ ತಮ್ಮ ಕಾಗದದ ಒಳಗೇ 'ಫ್ರಂ' ಎಂದು ಸಾಲು ಆರಂಭಿಸಿದರೆ? ಒಂದು ಕಾಗದ ಎರಡಾಗಿ ಸೀಳಿಹೋಗುತ್ತದೆ. ಇದನ್ನು ತಪ್ಪಿಸಲು ಅಂಥ ಸಾಲಿನ ಮುಂದೆ ಬಾಣದ ತಲೆಯಂಥ ಒಂದು ಗುರುತು ಸೇರಿಸುವ ರೂಢಿ ಬಂತು. ಎಲ್ಲ ಪ್ರೋಗ್ರಾಂಗಳೂ ಇದನ್ನು ಒಂದೇ ರೀತಿ ಪಾಲಿಸಲಿಲ್ಲ. ಆದ್ದರಿಂದ ಎಚ್ಚರವುಳ್ಳವರು ಹಿಂದಿನ ಸಾಲು ಖಾಲಿಯಿದೆಯೇ, ಮುಂದೆ ವಿಳಾಸ ಮತ್ತು ದಿನಾಂಕ ಇವೆಯೇ ಎಂದೂ ನೋಡುತ್ತಾರೆ.

ಕನ್ನಡದಲ್ಲಿ ಬರೆಯುವ ನಮಗೆ ಇನ್ನೊಂದು ಎಚ್ಚರ ಬೇಕು. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಇಂದಿನ ಯುಟಿಎಫ್-8 ಕ್ರಮದಲ್ಲಿ ಅದು 15 ಬೈಟ್! ಅಕ್ಷರ ಎಣಿಸಿ ಗುರುತು ಹಾಕಿದರೆ ಸೂಚಿ ತಪ್ಪು ಜಾಗ ತೋರಿಸುತ್ತದೆ. ಬೈಟ್‌ಗಳನ್ನೇ ಎಣಿಸಬೇಕು.

ನಡುವಿನ ಒಂದು ಕಾಗದವನ್ನು ಅಳಿಸಿದರೂ ಅದರ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಹಳೆಯ ಸೂಚಿಯನ್ನು ನಂಬಿ ಇನ್ನೊಂದನ್ನು ಅಳಿಸಿದಿರೋ, ಬೇರೆ ಯಾರದೋ ಕಾಗದ ಅರ್ಧ ಹೋಗಿರುತ್ತದೆ! ಅದಕ್ಕೇ ಸೂಚಿಯನ್ನು ಬಳಸುವ ಮುನ್ನ ಕಡತದ ಗಾತ್ರ ಮತ್ತು ಬದಲಾದ ವೇಳೆಯನ್ನು ತಾಳೆ ನೋಡಬೇಕು. ಹೊಂದದಿದ್ದರೆ ಹೊಸ ಸೂಚಿಯನ್ನೇ ಕಟ್ಟಬೇಕು.

ಈ ತೊಡಕುಗಳಿಂದ ಬೇಸತ್ತು 1990ರ ದಶಕದಲ್ಲಿ ಡೇನಿಯಲ್ ಬರ್ನ್‌ಸ್ಟೀನ್ ಅವರು ಕಾಗದಕ್ಕೊಂದು ಕಡತ ಇಡುವ 'ಮೇಲ್‌ಡಿರ್' ಕ್ರಮವನ್ನು ರೂಪಿಸಿದರು. ಆದರೂ ಎಂಬಾಕ್ಸ್ ಅಳಿಯಲಿಲ್ಲ. ಹಳೆಯ ಪತ್ರಸಂಗ್ರಹಗಳು ಇಂದಿಗೂ ಆ ರೂಪದಲ್ಲಿವೆ.

ನೆನಪಿಡಿ, ಮಿತ್ರರೇ. ಸೂಚಿ ಕಳೆದರೆ ಮತ್ತೆ ಕಟ್ಟಬಹುದು, ಕಾಗದ ಕಳೆದರೆ ಕಟ್ಟಲಾಗದು. ನೀವು ಇಂಥ ಪ್ರೋಗ್ರಾಂ ಬರೆಯುವುದಾದರೆ ಮೊದಲು ಮೂಲ ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಆಮೇಲೆ ಕೆಲಸ ಶುರುಮಾಡಿ.