ಎರಡು ಹೊಳೆಗಳ ಸೀಮೆಯಲ್ಲಿ ಜಪಾನ್ ಇಂಜಿನ್

ಯಾದಗಿರಿ, ಶಹಾಪುರ, ಸುರಪುರದ ಗ್ಯಾರೇಜುಗಳಲ್ಲಿ ‘ಜಪಾನ್ ಇಂಜಿನ್’ ಎಂದರೆ ಕಾರು ಯಾರ ನೆನಪಿಗೂ ಬರುವುದಿಲ್ಲ. ಅದು ಯಮಹಾ ಆರ್‌ಎಕ್ಸ್ 100. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳಿಗಾಗಿ ಆಸ್ತಿ ಮಾರುವ ಮಂದಿ ಹೊರದೇಶಗಳಲ್ಲಿದ್ದಾರೆ. 1967ರಿಂದ 1970ರವರೆಗೆ ಬರೀ 351 ತಯಾರಾದ ಟೊಯೊಟಾ 2000ಜಿಟಿ, 1969ರಲ್ಲಿ ಹೊರಬಂದ ಡಾಟ್ಸನ್ 240ಝಡ್ ಅಂಥವರ ಕನಸಿನ ಗಾಡಿಗಳು. ವಿಪರೀತ ಆಮದು ಸುಂಕ ಮತ್ತು ಪರವಾನಗಿಯ ಕಾಲದಲ್ಲಿ ಅಂಥ ಕಾರು ಭಾರತದ ಸಾಮಾನ್ಯ ಪಟ್ಟಣಕ್ಕೆ ಬರುವ ಮಾತೇ ಇರಲಿಲ್ಲ. ಜಪಾನಿನ ವೇಗ ಈ ಸೀಮೆಗೆ ಬಂದದ್ದು ಎರಡು ಗಾಲಿಯ ಮೇಲೆ, ಅದೂ 1980ರ ದಶಕದಲ್ಲಿ.

ಬಂದ ಗಾಡಿ ಇಷ್ಟು ಕಾಲ ಹೇಗೆ ಉಳಿಯಿತು ಎಂದು ಕೇಳಿದರೆ ರಸ್ತೆಯ ಕಥೆಯಿಂದ ಶುರು ಮಾಡಬೇಕಾಗುತ್ತದೆ.

1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗ ರಾಯಚೂರಿನಲ್ಲಿ ಮದ್ರಾಸ್ ರೈಲಿನ ಮಾರ್ಗವನ್ನು ಕೂಡಿಕೊಂಡಿತು. ಆ ದಾರಿಯಲ್ಲಿದ್ದ ಯಾದಗಿರಿಗೆ ಸ್ಟೇಷನ್ ಸಿಕ್ಕಿತು. ಭೀಮೆಯ ಆಚೆಗಿದ್ದ ಶಹಾಪುರ ಮತ್ತು ಸುರಪುರಕ್ಕೆ ಸಿಗಲಿಲ್ಲ. ಹೀಗಾಗಿ ಅಲ್ಲಿನವರು ಹೊಳೆ ದಾಟಿ ಯಾದಗಿರಿಗೆ ಬಂದೇ ರೈಲು ಹತ್ತಬೇಕು. ಮೂರೂ ಊರುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1932ರಲ್ಲಿ ನಿಜಾಮರ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸು, 166 ನೌಕರರೊಂದಿಗೆ ಸೇವೆ ಆರಂಭಿಸಿತು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಸರಿಪಡಿಸಿ ಹೈದರಾಬಾದಿನ ಬಸ್ ಭವನದಲ್ಲಿ ನಿಲ್ಲಿಸಿದ್ದಾರೆ. ಮರದ ಚೌಕಟ್ಟು, ಚಿಕ್ಕ ಮೂತಿ, ತೆಳ್ಳನೆಯ ಟಯರು ನೋಡಿದರೆ, ಇದನ್ನು ಓಡುವ ಸ್ಥಿತಿಯಲ್ಲಿಟ್ಟ ಕೈಗಳಿಗೆ ಎಷ್ಟು ಕಸುಬು ಗೊತ್ತಿರಬೇಕು ಎಂದು ತಿಳಿಯುತ್ತದೆ.

1956ರ ನವೆಂಬರ್ 1ರಂದು ಈ ಊರುಗಳಿದ್ದ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜಧಾನಿ ಬದಲಾದರೂ ಕಸುಬಿನ ಮಾತು ಬದಲಾಗಲಿಲ್ಲ. ಗಾಡಿ ರಿಪೇರಿ ಮಾಡುವವನು ಈ ಭಾಗದಲ್ಲಿ ಇವತ್ತಿಗೂ ‘ಮಿಸ್ತ್ರಿ’. ಅವನಿಗೆ ಕೆಲಸ ಕಲಿಸಿದವರು ‘ಉಸ್ತಾದ್’. ಬಿಡಿಭಾಗದ ಪೇಟೆಯ ವಿಷಯದಲ್ಲೂ ಹಾಗೆಯೇ. ಬೆಂಗಳೂರಿನ ಜೆ.ಸಿ. ರಸ್ತೆಗಿಂತ ಸಿಕಂದರಾಬಾದಿನ ರಾಣಿಗಂಜ್ ಈ ಊರುಗಳಿಗೆ ಹತ್ತಿರ.

ಗಾಡಿ ಕೊಳ್ಳಲು ದುಡ್ಡು ಬೇಕಲ್ಲ, ಅದಕ್ಕೆ ದಾರಿ ಮಾಡಿದ್ದು ಕೃಷ್ಣೆ. ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಆಗಿನ ಸುರಪುರ ತಾಲ್ಲೂಕಿನ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಭತ್ತದ ಗದ್ದೆಗಳೆದ್ದವು. ಆಂಧ್ರದಿಂದ ಬಂದವರ ಕ್ಯಾಂಪುಗಳು ಹುಟ್ಟಿದವು. ಶಹಾಪುರದ ಹತ್ತಿರದ ಭೀಮರಾಯನಗುಡಿ ನೀರಾವರಿ ಇಲಾಖೆಯವರ ಊರಾಯಿತು. ಎಂಜಿನಿಯರು, ಗುತ್ತಿಗೆದಾರ, ಗೊಬ್ಬರದ ಅಂಗಡಿಯವ, ಕಾಲುವೆ ನೀರು ಕಂಡ ರೈತ, ಇವರೆಲ್ಲ ದಿನಾ ಹತ್ತಾರು ಕಿಲೋಮೀಟರ್ ತಿರುಗಬೇಕಾದವರು.

ಸರಿಯಾಗಿ ಅದೇ ವರ್ಷಗಳಲ್ಲಿ ಕೇಂದ್ರ ಸರ್ಕಾರ ಜಪಾನಿನ ಕಂಪನಿಗಳೊಂದಿಗೆ ಕೈಜೋಡಿಸಲು ಭಾರತದ ಬೈಕ್ ತಯಾರಕರಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ರಸ್ತೆಯಲ್ಲಿ ಇದ್ದದ್ದು ಬುಲೆಟ್, ರಾಜದೂತ್, ಮತ್ತು ನಮ್ಮದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ ಸಿಡಿ 100, 1986ರಲ್ಲಿ ಕವಾಸಾಕಿ ಬಜಾಜ್ ಬಂದವು. ಇವುಗಳ ನಡುವೆ, 1985ರ ನವೆಂಬರಿನಲ್ಲಿ, ಯಮಹಾದ ಜೊತೆಗಾರನಾದ ಎಸ್ಕಾರ್ಟ್ಸ್ ಕಂಪನಿ ಆರ್‌ಎಕ್ಸ್ 100 ಬಿಟ್ಟಿತು. ಮೊದಲ ತಂಡದ ಗಾಡಿಗಳ ಬಿಡಿಭಾಗಗಳೆಲ್ಲ ಜಪಾನಿನಿಂದ ಬಂದವು. ಇಲ್ಲಿ ಜೋಡಿಸುವುದಷ್ಟೇ ಕೆಲಸ. ‘ಜಪಾನ್ ಇಂಜಿನ್’ ಎಂಬ ಗೌರವದ ಮಾತಿನ ಮೂಲ ಅದೇ. ಆ ಕಾಲದ ಗಾಡಿಯೊಂದು ಇವತ್ತು ಸಿಕ್ಕರೆ ಮಿಸ್ತ್ರಿ ಮೊದಲು ಹುಡುಕುವುದು ಬಿಡಿಭಾಗದ ಮೇಲಿನ ಜಪಾನ್ ಮುದ್ರೆಯನ್ನು.

ಆರ್‌ಎಕ್ಸ್‌ನ ಲೆಕ್ಕ ಸರಳ. 98 ಸಿಸಿ, 11 ಅಶ್ವಶಕ್ತಿ, ನಾಲ್ಕು ಗೇರು, 100 ಕಿಲೋ ಆಸುಪಾಸಿನ ತೂಕ. ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡುವ ದೂರವೂ 50 ಮಿಲಿಮೀಟರ್. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಬೆಂಕಿ ಹತ್ತುತ್ತದೆ. ನಾಲ್ಕು ಸ್ಟ್ರೋಕಿನ ಹೀರೊ ಹೋಂಡಾದಲ್ಲಿ ಎರಡು ಸುತ್ತಿಗೊಮ್ಮೆ. ಹೀರೊ ಹೋಂಡಾ ಮೈಲೇಜಿಗೆ ಹೆಸರಾಯಿತು, ಆರ್‌ಎಕ್ಸ್ ಎಳೆತಕ್ಕೆ. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿ ಹೂತುಕೊಂಡರೆ ಇಬ್ಬರು ಸೇರಿ ಎತ್ತಿ ಬದಿಗಿಡಬಹುದಾದಷ್ಟು ಹಗುರ ಎಂಬುದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಹೊಲದ ದಾರಿಯವರಿಗೆ ಅದು ದೊಡ್ಡ ಗುಣ.

ಇದಕ್ಕಿಂತ ಮೊದಲೇ, 1983ರಲ್ಲಿ, ಎಸ್ಕಾರ್ಟ್ಸ್ ಇನ್ನೊಂದು ಸಾಹಸ ಮಾಡಿತ್ತು. ಯಮಹಾದ ಆರ್‌ಡಿ 350 ಬೈಕನ್ನು ‘ರಾಜದೂತ್ 350’ ಎಂದು ಫರೀದಾಬಾದಿನಲ್ಲಿ ತಯಾರಿಸಿತು. ಎರಡು ಸಿಲಿಂಡರು, 347 ಸಿಸಿ, ಆರು ಗೇರು. ಹೊರದೇಶದಲ್ಲಿ 39 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್ನನ್ನು ಇಲ್ಲಿ 30.5ಕ್ಕೆ ಇಳಿಸಿದರು, ಆಮೇಲೆ ಬಂದ ಮಾದರಿಯಲ್ಲಿ ಇನ್ನೂ ತಗ್ಗಿಸಿದರು. ಮುಂದಿನ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಬ್ರೇಕ್ ಹಾಕಿದರು. ಸ್ಪೋರ್ಟ್ಸ್ ಕಾರಿನ ನಿಜವಾದ ದಾಯಾದಿ ಇದೇ ಗಾಡಿ. ಆದರೆ ಪೆಟ್ರೋಲು ವಿಪರೀತ ಕುಡಿಯುತ್ತಿತ್ತು, ಬಿಡಿಭಾಗ ದುಬಾರಿ. ಸುಮಾರು 1990ರ ಹೊತ್ತಿಗೆ ಅದರ ಕಥೆ ಮುಗಿಯಿತು. ಆಗ ಮೂಲೆಗೆ ತಳ್ಳಿಸಿಕೊಂಡದ್ದೇ ಈಗ ಸಂಗ್ರಹಕಾರರ ಕೈಯಲ್ಲಿ ಚಿನ್ನವಾಗಿದೆ.

ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದು 1996ರಲ್ಲಿ. ಆ ವರ್ಷ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಎರಡು ಸ್ಟ್ರೋಕಿನ ಇಂಜಿನ್ ಅವಕ್ಕೆ ಹೊಂದುವುದು ಕಷ್ಟವಾಯಿತು. ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದೂ ಅದೇ 1996ರಲ್ಲಿ. ಆರ್‌ಎಕ್ಸ್‌ನ ತಮ್ಮಂದಿರಾದ 135 ಹೆಸರಿನ ಗಾಡಿಗಳು ಇನ್ನೂ ಕೆಲವು ವರ್ಷ ನಡೆದವು. 1996ರಿಂದ ಆರ್‌ಎಕ್ಸ್ 100ರ ಬದುಕು ಕಾರ್ಖಾನೆಯ ಕೈಬಿಟ್ಟು ಮಿಸ್ತ್ರಿಯ ಕೈಗೆ ಬಂತು. ಅದರ ಚರಿತ್ರೆಯಲ್ಲಿ ಹೆಚ್ಚು ಉದ್ದದ ಅಧ್ಯಾಯವೂ ಇದೇ: ತಯಾರಾದದ್ದು 11 ವರ್ಷಕ್ಕೂ ಕಡಿಮೆ ಕಾಲ, ರಿಪೇರಿಯ ಬಲದಲ್ಲಿ ಉಳಿದದ್ದು ಅದರ ಎರಡು ಪಟ್ಟಿಗೂ ಮೀರಿ.

ಆ ಕೈಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಇಂಜಿನ್ ಬಿಚ್ಚುವ ಮೊದಲೇ ಅರ್ಧ ರೋಗ ಕಿವಿ, ಮೂಗಿಗೆ ಗೊತ್ತಾಗುತ್ತದೆ. ಎರಡು ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಕೋಣೆಯೂ ಗಾಳಿ-ಪೆಟ್ರೋಲು ಒತ್ತುವ ಪಂಪು. ಅದರ ಎರಡೂ ಬದಿಗೆ ರಬ್ಬರಿನ ಆಯಿಲ್ ಸೀಲುಗಳಿವೆ. ಬಲಗಡೆ, ಕ್ಲಚ್ಚಿನ ಬದಿಯ ಸೀಲು ಹೋದರೆ ಗೇರ್ ಬಾಕ್ಸಿನ ಎಣ್ಣೆ ಒಳಗೆ ಎಳೆದುಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತದೆ. ಎಡಗಡೆ, ಮ್ಯಾಗ್ನೆಟ್ಟಿನ ಬದಿಯ ಸೀಲು ಹೋದರೆ ಹೊಗೆ ಇಲ್ಲ, ಸದ್ದು ಬದಲಾಗುತ್ತದೆ: ಎಕ್ಸಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಮೇಲೇ ಕೂಗುತ್ತಿರುತ್ತದೆ. ಹೊರಗಿನ ಗಾಳಿ ಸೇರಿ ಮಿಶ್ರಣ ತೆಳ್ಳಗಾಗಿದೆ ಎಂದರ್ಥ. ಅದನ್ನು ಕೇಳಿಯೂ ಕೇಳದಂತೆ ಓಡಿಸಿದರೆ ಒಂದು ದಿನ ಬೇಸಿಗೆಯ ಬಿಸಿಲಲ್ಲಿ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡು, ಹಿಂದಿನ ಗಾಲಿ ರಸ್ತೆಯ ನಡುವೆಯೇ ನಿಂತುಬಿಡುತ್ತದೆ. ‘ಇಂಜಿನ್ ಜಾಮ್ ಆತು’ ಎನ್ನುವುದು ಇದಕ್ಕೇ.

ಆಮೇಲಿನ ದಾರಿ ಲೇತ್ ಅಂಗಡಿಗೆ. ಹೆಡ್ ತೆಗೆದು, ಬ್ಲಾಕ್ ಎತ್ತಿ, ಒಳಗೆ ಬೆರಳಾಡಿಸಿದರೆ ಗೆರೆ ಬಿದ್ದದ್ದು ಉಗುರಿಗೆ ತಿಳಿಯುತ್ತದೆ. ಗೆರೆ ಹೋಗುವಷ್ಟು ಕೊರೆದು ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. ಮೊದಲ ಸಲ 0.25 ಮಿಲಿಮೀಟರ್, ಮುಂದಿನ ಸಲ 0.50, ಹೀಗೆ 1 ಮಿಲಿಮೀಟರಿನವರೆಗೆ. ಅಂದರೆ ಈ ಇಂಜಿನ್ನಿಗೆ ಎಣಿಸಿದಂತೆ ನಾಲ್ಕು ಬೋರು. ಅದು ಮುಗಿದರೆ ಒಳಗೆ ಹೊಸ ಸ್ಲೀವ್ ಹಾಕಿಸಿ ಮತ್ತೆ 50ರಿಂದ ಶುರು. ಒಳ್ಳೆಯ ಲೇತ್‌ನವನು ಪಿಸ್ಟನ್ ಕೈಗೆ ಕೊಡದ ಹೊರತು ಬೋರ್ ಮಾಡಲು ಒಪ್ಪುವುದಿಲ್ಲ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಕೂದಲೆಳೆಯಷ್ಟೂ ಇರುವುದಿಲ್ಲ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ನಂಬದೆ ಪಿಸ್ಟನ್ನನ್ನೇ ಅಳೆದು ಕೊರೆಯಬೇಕು. ಕನೆಕ್ಟಿಂಗ್ ರಾಡ್ ಸವೆದಿದ್ದರೆ ಇನ್ನೂ ನಾಜೂಕಿನ ಕೆಲಸ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಒತ್ತಿ ಎರಡು ಹೋಳು ಮಾಡಿ, ಹೊಸ ರಾಡು ಕೂರಿಸಿ, ಮತ್ತೆ ಒತ್ತಿ, ತಿರುಗಿಸಿ ನೋಡಿ, ತಾಮ್ರದ ಸುತ್ತಿಗೆಯಿಂದ ಹದವಾಗಿ ತಟ್ಟಿ ಓಲಾಟ ತೆಗೆಯಬೇಕು. ಪುಸ್ತಕದಿಂದ ಇದನ್ನು ಕಲಿತವರು ವಿರಳ. ಉಸ್ತಾದರ ಪಕ್ಕ ಕುಕ್ಕುರುಗಾಲಲ್ಲಿ ಕೂತು ಕಲಿತವರೇ ಹೆಚ್ಚು.

ಎಣ್ಣೆಯ ವಿಷಯದಲ್ಲಿ ಮಿಸ್ತ್ರಿಗಳಲ್ಲೇ ಎರಡು ಪಕ್ಷ. ಯಮಹಾ 1964ರಷ್ಟು ಹಿಂದೆಯೇ ‘ಆಟೊಲ್ಯೂಬ್’ ಎಂಬ ಪದ್ಧತಿ ತಂದಿತ್ತು. ಬೇರೆ ಡಬ್ಬಿಯಲ್ಲಿರುವ 2ಟಿ ಆಯಿಲನ್ನು ಸಣ್ಣ ಪಂಪು ಇಂಜಿನ್ನಿಗೆ ಬೇಕಾದಷ್ಟೇ ಉಣಿಸುತ್ತದೆ. ಹಳೆಯ ಪಂಪು ಯಾವಾಗ ಕೈಕೊಡುತ್ತದೋ ಎಂಬ ಹೆದರಿಕೆಯಿಂದ ಅದನ್ನು ಕಿತ್ತು, ಆಯಿಲನ್ನು ನೇರವಾಗಿ ಪೆಟ್ರೋಲಿಗೆ ಬೆರೆಸುವವರು ಒಂದು ಪಕ್ಷ. ಪಂಪು ರಿಪೇರಿ ಮಾಡಿಸಿ ಇಟ್ಟುಕೊಳ್ಳುವವರು ಇನ್ನೊಂದು. ದಿನಬಳಕೆಗೆ ಮೊದಲ ಪಕ್ಷದ ಮಾತಿನಲ್ಲಿ ಅರ್ಥವಿದೆ. ಆದರೆ ಹಳೆಯ ಗಾಡಿಯನ್ನು ಅದು ಹುಟ್ಟಿದ ರೂಪಕ್ಕೆ ತರುತ್ತೇನೆ ಎನ್ನುವವರು ಪಂಪನ್ನು ಉಳಿಸಿಕೊಳ್ಳಲೇಬೇಕು. ಯಮಹಾದ ಜಾಣತನ ಇರುವುದೇ ಅಲ್ಲಿ.

ರಿಪೇರಿ ಬೇರೆ, ಪುನರುಜ್ಜೀವನ ಬೇರೆ. ಈ ಎರಡನೆಯ ಗೀಳು ಹತ್ತಿದ್ದು ಇತ್ತೀಚಿನ ವರ್ಷಗಳಲ್ಲಿ. 2015ರಲ್ಲಿ ದುನಿಯಾ ವಿಜಯ್ ಅಭಿನಯದ ‘ಆರ್‌ಎಕ್ಸ್ ಸೂರಿ’, 2018ರಲ್ಲಿ ತೆಲುಗಿನ ‘ಆರ್‌ಎಕ್ಸ್ 100’ ತೆರೆಗೆ ಬಂದವು. ತೆಲಂಗಾಣದ ಗಡಿಗೆ ತಾಗಿದ ಯಾದಗಿರಿ ಜಿಲ್ಲೆಗೆ ಎರಡೂ ಭಾಷೆಯ ಸಿನಿಮಾ ಮನೆಯದೇ. ಗಾಡಿ ಕಂಪನಿಯಿಂದ ಹೊರಬಂದಾಗ ಹುಟ್ಟಿಯೂ ಇರದ ಹುಡುಗರು ಈಗ ಅದನ್ನು ಹುಡುಕಿಕೊಂಡು ಹೊರಟಿದ್ದಾರೆ. ಚೆನ್ನಾಗಿ ಸಿದ್ಧಪಡಿಸಿದ ಆರ್‌ಎಕ್ಸ್‌ಗೆ ಲಕ್ಷ ರೂಪಾಯಿ ದಾಟಿದ ಬೆಲೆ ಹೇಳುತ್ತಾರೆ.

ಬೆಲೆಯ ಹಿಂದೆಯೇ ಮೋಸವೂ ಬಂದಿದೆ. ಬೇರೆ ಮಾದರಿಯ ಗಾಡಿಗೆ ಆರ್‌ಎಕ್ಸ್ 100ರ ಟ್ಯಾಂಕು, ಸ್ಟಿಕ್ಕರ್ ಹಚ್ಚಿ ಮಾರುವುದುಂಟು. ಮಿಕುನಿ ಕಾರ್ಬೊರೇಟರಿನ ಹೆಸರಲ್ಲಿ ನಕಲಿ ಮಾಲು ಸಿಗುತ್ತದೆ. ತಿಳಿದವರು ಬಣ್ಣದ ಹೊಳಪಿಗೆ ಮರುಳಾಗದೆ, ಹ್ಯಾಂಡಲ್ಲಿನ ಕೆಳಗೆ ಚಾಸಿಗೆ ಒತ್ತಿದ ಅಂಕಿ ಮತ್ತು ಇಂಜಿನ್ ಅಂಕಿಯನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಇನ್ನು ಬ್ಲಾಕಿನ ಪೋರ್ಟುಗಳನ್ನು ಉಜ್ಜಿ ಅಗಲ ಮಾಡಿಸುವುದು, ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕಿಸುವುದು ಗಾಡಿಗೆ ಮಾಡುವ ದ್ರೋಹವೇ ಸರಿ. ಒಮ್ಮೆ ಉಜ್ಜಿದ ಪೋರ್ಟು ಮತ್ತೆ ಬೆಳೆಯುವುದಿಲ್ಲ. ಅಂಥ ಸೈಲೆನ್ಸರುಗಳನ್ನು ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ರೋಡ್ ರೋಲರ್ ಹಾಯಿಸಿ ನಜ್ಜುಗುಜ್ಜು ಮಾಡಿದ್ದಾರೆ.

ಜಪಾನಿನಲ್ಲಿ ಈ ಕೆಲಸಕ್ಕೆ ಕಂಪನಿಗಳೇ ಮುಂದಾಗಿವೆ. ಮಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಸೇವೆಗೆ 2017ರಲ್ಲಿ ಅರ್ಜಿ ಕರೆಯಿತು. ನಿಸ್ಸಾನ್ ಹಳೆಯ ಸ್ಕೈಲೈನ್ ಜಿಟಿ-ಆರ್‌ಗೆ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಶುರುಮಾಡಿದ್ದೂ ಆಗಲೇ. ಸುರಪುರದ ಮಿಸ್ತ್ರಿಗೆ ಇರುವ ಆಸರೆ ರಾಣಿಗಂಜ್, ಜೆ.ಸಿ. ರಸ್ತೆ, ದೆಹಲಿಯ ಕರೋಲ್ ಬಾಗ್ ಮತ್ತು ಗುಜರಿ ಅಂಗಡಿಗಳು. ಎಲ್ಲೂ ಸಿಗದ ಬುಷ್ಷನ್ನು ಲೇತ್‌ನಲ್ಲಿ ತಾನೇ ಕಡೆಸಿಕೊಳ್ಳುತ್ತಾನೆ. ಕಾರ್ಖಾನೆಯ ನಕ್ಷೆಯಿಲ್ಲದೆ ಅಳತೆ ಹಿಡಿಯುವ ಈ ವಿದ್ಯೆಗೆ ಹಿರೋಷಿಮಾದ ಮಜ್ದಾ ಕಾರ್ಖಾನೆಯ ಕೆಲಸಕ್ಕಿರುವಷ್ಟೇ ಮರ್ಯಾದೆ ಸಲ್ಲಬೇಕು.

ಕಾಗದಪತ್ರದ ಕಡೆಯ ಲೆಕ್ಕವೂ ಇದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಈಗಿನ ಗಾಡಿಗಳಿಗೆ ಕೆಎ 33, ಗುಲ್ಬರ್ಗಾ ಕಚೇರಿಯ ಕಾಲದವಕ್ಕೆ ಕೆಎ 32. 1989ಕ್ಕಿಂತ ಮೊದಲಿನ ಗಾಡಿಯಾದರೆ ಕೆಎ ಕೂಡ ಇಲ್ಲದ ಹಳೆಯ ನಂಬರು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕು. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿಂದ 1000ಕ್ಕೆ ಏರಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಸೇರುತ್ತದೆ, ಶುಲ್ಕ 20,000 ರೂಪಾಯಿ, ಚಾಸಿಯಲ್ಲಾಗಲಿ ಇಂಜಿನ್ನಿನಲ್ಲಾಗಲಿ ದೊಡ್ಡ ಬದಲಾವಣೆ ಆಗಿರಬಾರದು. ಲೆಕ್ಕ ಹಾಕಿದರೆ ಮೊದಲ ರಾಜದೂತ್ 350ಕ್ಕೆ ಆ ಅರ್ಹತೆ ಬರುವುದು 2033ರಲ್ಲಿ, ಮೊದಲ ಆರ್‌ಎಕ್ಸ್ 100ಕ್ಕೆ 2035ರಲ್ಲಿ. ಆದರೆ ವಿಂಟೇಜ್ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಆರ್‌ಎಕ್ಸ್‌ನ ಹಿಂದಿನ ಸೀಟಿಗೆ ಗೊಬ್ಬರದ ಚೀಲ ಬಿಗಿದು ಕಾಲುವೆಯ ದಾರಿ ಹಿಡಿಯುವ ರೈತನಿಗೆ ಆ ನಂಬರಿನಿಂದ ಉಪಯೋಗವಿಲ್ಲ. ಅವನು ಹಳೆಯ ಕೆಎ 32 ಫಲಕವನ್ನೇ ಇಟ್ಟುಕೊಂಡು, ಐದು ವರ್ಷಕ್ಕೊಮ್ಮೆ ಯಾದಗಿರಿಯ ಆರ್‌ಟಿಒ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ.